ಜಮಾಬಂದಿಗೆ ಮೊದಲು ಬೀದಿ ಸುತ್ತಿ, ಮನೆ ಬಿಟ್ಟು ಒಲೆ ಎಣಿಸಿ

ಗ್ರಾಮ ಪಂಚಾಯಿತಿಯ ಜಮಾಬಂದಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಆಗಬೇಕು. ಮಾರ್ಚ್ 31ಕ್ಕೆ ಮುಗಿದ ವರ್ಷದ ಜಮಾ-ಖರ್ಚು, ಕಾಮಗಾರಿ, ಕರ ವಸೂಲಿ ಎಲ್ಲವೂ ಅಂದು ಜನರ ಮುಂದೆ ಬರುತ್ತವೆ. ಅಧಿಕಾರಿ ಬರುವ ವಾರ ಕಡತ ಹುಡುಕುತ್ತ ಕೂತರೆ ಲೆಕ್ಕವೇನೋ ತಾಳೆಯಾದೀತು, ಊರಿಗೆ ಏನು ತಲುಪಿತೆಂಬುದು ಗೊತ್ತಾಗುವುದಿಲ್ಲ. ಅದಕ್ಕೇ ನಾವು ಮೊದಲು ಬೀದಿ ಸುತ್ತುತ್ತೇವೆ, ಪುಸ್ತಕ ಆಮೇಲೆ.

ಕೊಪ್ಪಳ, ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮನೆ ಸಮೀಕ್ಷೆ ಮಾಡಿದರೆ ಕೆಟ್ಟಂತೆಯೇ. ದುಡಿಯಲು ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋದವರ ಬಾಗಿಲಿಗೆ ಆಗ ಬೀಗ ಇರುತ್ತದೆ. ಬೀಗ ಕಂಡರೆ ‘ವಾಸವಿಲ್ಲ’ ಎಂದು ಬರೆಯುವುದು ರೂಢಿ. ಸೂರು ತೀರಾ ಬೇಕಾದವರೇ ಹೀಗೆ ವಸತಿ ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಮುಂಗಾರು ಬಿತ್ತನೆಗೆ ಅವರು ಮರಳಿದ ಮೇಲೆ ಒಂದು ಸುತ್ತು, ನಾಗರ ಪಂಚಮಿಗೆ ಬೀಗದ ಮನೆಗಳಿಗಷ್ಟೇ ಇನ್ನೊಂದು ಸುತ್ತು ಹಾಕಿ.

ನೀರಿಗೆ ನಳಗಳ ಸಂಖ್ಯೆ ನಂಬಬೇಡಿ. 10 ಲೀಟರ್ ಬಕೆಟ್ ಮತ್ತು ಗಡಿಯಾರ ಸಾಕು. ಟ್ಯಾಂಕಿನ ಪಕ್ಕದ ಮನೆಯಲ್ಲಿ ಬಕೆಟ್ 40 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 15 ಲೀಟರ್. 45 ನಿಮಿಷ ನೀರು ಬಿಟ್ಟರೆ 675 ಲೀಟರ್. ಅದೇ ಸಾಲಿನ ಕೊನೆಯ ಮನೆಯಲ್ಲಿ ಎರಡೂವರೆ ನಿಮಿಷ ಹಿಡಿದರೆ ಸಿಗುವುದು 180 ಲೀಟರ್ ಮಾತ್ರ. ಜಲ ಜೀವನ್ ಮಿಷನ್ ಪ್ರಕಾರ ದಿನಕ್ಕೆ ತಲಾ 55 ಲೀಟರ್, ಐದು ಜನರಿಗೆ 275 ಬೇಕು. ಕಾಗದದಲ್ಲಿ ಎರಡೂ ಮನೆಗೆ ‘ನಳ ಇದೆ’. ಕೊನೆಯ ಮನೆಗೆ ಒತ್ತಡ ಇಳಿಯಲು ಸಾಮಾನ್ಯ ಕಾರಣ ಮೂರು: ಮೇಲಿನ ವಾಲ್ವ್ ಪೂರ್ತಿ ತೆರೆದಿರುವುದು, ನಡುವೆ ಯಾರೋ ಪೈಪಿಗೇ ಮೋಟರ್ ಹಚ್ಚಿರುವುದು, ನಳದ ಜೋಡಣೆಯಲ್ಲಿ ಸೋರಿಕೆ. ಮೋಟರ್ ಹಿಡಿಯಲು ನೀರು ಬಿಟ್ಟಾಗ ಐದು ನಿಮಿಷ ಆ ಬೀದಿಯ ಕರೆಂಟ್ ತೆಗೆಸಿ. ಕೊನೆಯ ಮನೆಯ ಬಕೆಟ್ ತಟ್ಟನೆ ತುಂಬತೊಡಗಿದರೆ ಬೇರೆ ಸಾಕ್ಷಿ ಬೇಡ.

ಕ್ಲೋರಿನ್ನೂ ಕೊನೆಯ ನಳದಲ್ಲೇ ನೋಡಬೇಕು. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು, ಅಂದರೆ ಶೇ 25ರ ಬ್ಲೀಚಿಂಗ್ ಪೌಡರ್ 400 ಗ್ರಾಂ. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರಷ್ಟೇ ಸುರಿಯಿರಿ. ಅಳತೆ ಸರಿಯಿದ್ದೂ ಕೊನೆಯಲ್ಲಿ ಕ್ಲೋರಿನ್ ಸಿಗದಿದ್ದರೆ ಚೀಲ ನೋಡಿ. ಬಾಯಿ ಕಟ್ಟದೆ ಪಂಪ್‌ಹೌಸಿನ ತೇವದಲ್ಲಿಟ್ಟ ಪುಡಿಯ ಸತ್ವ ಹಾರಿಹೋಗಿರುತ್ತದೆ.

ಬೀದಿದೀಪದ್ದು ಸುಲಭ. 20 ವ್ಯಾಟಿನ 120 ದೀಪ ದಿನಕ್ಕೆ 12 ತಾಸು ಉರಿದರೆ ತಿಂಗಳಿಗೆ 864 ಯೂನಿಟ್. ಬಿಲ್ಲು ಇದಕ್ಕಿಂತ ಬಹಳ ಹೆಚ್ಚಿದ್ದರೆ ಮಧ್ಯಾಹ್ನ ಒಮ್ಮೆ ತಲೆಯೆತ್ತಿ ಕಂಬ ನೋಡಿಕೊಂಡು ಬನ್ನಿ.

ಹೆಚ್ಚು ಹೊತ್ತು ಹಿಡಿಯುವುದು ವಸತಿ. ಆಸ್ತಿ ಸಂಖ್ಯೆ ಎಣಿಸಿದರೆ ಊರಲ್ಲಿ ಮನೆಯ ಕೊರತೆಯೇ ಕಾಣುವುದಿಲ್ಲ. ಒಂದೇ ಖಾತೆಯ ಎರಡು ಕೋಣೆಯಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರ ಇರುತ್ತವೆ. ಅದಕ್ಕೆ ಪ್ರತಿ ಆಸ್ತಿ ಸಂಖ್ಯೆಯ ಎದುರು ಎಷ್ಟು ಒಲೆ, ಎಷ್ಟು ಕೋಣೆ, ಛಾವಣಿ ಯಾವುದು, ಜಾಗ ಯಾರ ಹೆಸರಲ್ಲಿದೆ ಎಂದು ಬರೆಯಿರಿ. ರೇಷನ್ ಕಾರ್ಡಿನ ಲೆಕ್ಕವೊಂದನ್ನೇ ನೆಚ್ಚಬೇಡಿ. ಬೇರೆ ಅಡುಗೆ ಮಾಡುವವರೂ ಒಂದೇ ಕಾರ್ಡಿನಲ್ಲಿರುತ್ತಾರೆ.

ಆಮೇಲೆ ಪಟ್ಟಿಯನ್ನು ಒಡೆಯಿರಿ. ಸ್ವಂತ ನಿವೇಶನವಿದ್ದು ಮನೆ ಇಲ್ಲದವರು ಒಂದು ಕಡೆ, ನಿವೇಶನವೇ ಇಲ್ಲದವರು ಇನ್ನೊಂದು ಕಡೆ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡು, ಅದನ್ನು ಸಕ್ರಮ ಮಾಡುವ 94ಸಿ ಹಕ್ಕುಪತ್ರಕ್ಕೆ ಕಾದವರು ಮತ್ತೊಂದು ಕಡೆ. ಮೂರನ್ನೂ ಬೆರೆಸಿದರೆ ಗ್ರಾಮಸಭೆ ಜಾಗವಿಲ್ಲದವರನ್ನೇ ಆರಿಸುತ್ತದೆ, ಕಂತಿಗೆ ಬೇಕಾದ ತಳಪಾಯದ ಜಿಪಿಎಸ್ ಫೋಟೊ ತೆಗೆಯಲು ನೆಲವೇ ಇರುವುದಿಲ್ಲ, ಮಂಜೂರಾಗಿ ಬಂದ ಮನೆ ವಾಪಸ್ ಹೋಗುತ್ತದೆ. ನಿವೇಶನ ಇದ್ದವರಲ್ಲೂ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಯಾರ ಹೆಸರಲ್ಲಿದೆ ನೋಡಬೇಕು. ಸಿಗುವ ಮನೆ ಸೊಸೆಯ ಹೆಸರಿಗೆ, ನಿವೇಶನದ ಖಾತೆ ಮಾತ್ರ ತೀರಿಕೊಂಡ ಮಾವನ ಹೆಸರಲ್ಲೇ! ವಂಶವೃಕ್ಷ, ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆಯನ್ನು ಆಯ್ಕೆಗೆ ಮೊದಲೇ ಮಾಡಿಸಿಡಿ. ಆಯ್ಕೆಯಾದ ಮೇಲೆ ಒಪ್ಪಿಗೆಗೆ ಹೋದರೆ ಅಣ್ಣತಮ್ಮಂದಿರು ಸಹಿಗೆ ಬೆಲೆ ಕಟ್ಟುತ್ತಾರೆ.

ಅರ್ಧಕ್ಕೆ ನಿಂತ ಮನೆಗಳನ್ನು ಹಂತದ ಪ್ರಕಾರ ಬೇರೆ ಬರೆಯಿರಿ. ಪಿಎಂ ಆವಾಸ್ ಗ್ರಾಮೀಣ ವಸತಿ ಯೋಜನೆಯ 1.20 ಲಕ್ಷ ರೂಪಾಯಿ ಸಹಾಯಧನವನ್ನು ಕನಿಷ್ಠ ವಿಸ್ತೀರ್ಣವಾದ 25 ಚದರ ಮೀಟರಿಗೆ ಹಂಚಿದರೆ ಚದರ ಅಡಿಗೆ ಸುಮಾರು 446 ರೂಪಾಯಿ. ಬಾಗಿಲು-ಕಿಟಕಿಯ ಮೇಲಿನ ಲಿಂಟಲ್‌ವರೆಗೆ ಗೋಡೆ ಹೇಗೋ ಏರುತ್ತದೆ, ಕಬ್ಬಿಣ, ಸಿಮೆಂಟ್ ಎರಡನ್ನೂ ನುಂಗುವ ಛಾವಣಿಯಲ್ಲಿ ನಿಲ್ಲುತ್ತದೆ. ಇಂಥವರಿಗೆ ನೋಟಿಸು ಕೊಟ್ಟು ಪ್ರಯೋಜನವಿಲ್ಲ. ಛಾವಣಿಗೆ ಸ್ವಸಹಾಯ ಸಂಘದ ಸಾಲ ಹೊಂದಿಸಿ. ಕಂತು ಬಂದಿಲ್ಲ ಎನ್ನುವವರದ್ದು ಬೇರೆ ಕಥೆ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗಿರುತ್ತದೆ. ಪಾಸ್‌ಬುಕ್ ತೋರಿಸಿದರೆ ಸಾಲದು, ಜೋಡಣೆ ಯಾವ ಖಾತೆಗಿದೆ ಎಂದು ಬ್ಯಾಂಕಿನಲ್ಲೇ ಕೇಳಿಸಿ.

ಈ ಪಟ್ಟಿಯನ್ನು ಮೊದಲು ವಾರ್ಡ್ ಸಭೆಯಲ್ಲಿ ಬೀದಿವಾರು ಗಟ್ಟಿಯಾಗಿ ಓದಿಸಿ. ಗೋಡೆಗೆ ಹಚ್ಚಿದ ಪಟ್ಟಿಯನ್ನು ಯಾರೂ ತಿದ್ದುವುದಿಲ್ಲ, ಓದಿದರೆ ಎದ್ದು ನಿಲ್ಲುತ್ತಾರೆ: ‘ಅವನಿಗೆ ಪಟ್ಟಣದಾಗ ಆರ್‌ಸಿಸಿ ಮನೆ ಐತಿ.’ ತಕರಾರು ಹೇಳಿದವರ ಮಾತನ್ನು ಅಲ್ಲೇ ನಡಾವಳಿಗೆ ಸೇರಿಸಿ, ಓದಿ ಹೇಳಿ, ಆಮೇಲೆ ಸಹಿ ಮಾಡಿಸಿ. ಖಾಲಿ ಪುಟಕ್ಕೆ ಮೊದಲೇ ಸಹಿ ಪಡೆದ ನಡಾವಳಿ ಗ್ರಾಮಸಭೆಯಲ್ಲೂ ನಿಲ್ಲುವುದಿಲ್ಲ, ಜಮಾಬಂದಿಯಲ್ಲೂ ನಿಲ್ಲುವುದಿಲ್ಲ.