ಹಲಗಿ, ಪೇಟಿ, ಗಿಟಾರ್ ಕೂಡಿದ ಆಲ್ಬಂಗೆ ವಿಮರ್ಶೆ ಬರೆಯುವುದು ಹೇಗೆ

ಒಂದೇ ಹಾಡಿನಲ್ಲಿ ಹಲಗಿ, ಹಾರ್ಮೋನಿಯಂ, ಎಲೆಕ್ಟ್ರಿಕ್ ಗಿಟಾರ್ ಮೂರೂ ಕೇಳಿಸಿದರೆ ಸಾಕು, ‘ಹೊಸ ಪ್ರಯೋಗ, ಎಲ್ಲರೂ ಕೇಳಲೇಬೇಕು’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ‘ಜಾನಪದ ಕೆಡಿಸಿದರು’ ಎಂದು ಬೈದು ಮುಗಿಸುವವರೂ ಇದ್ದಾರೆ. ಎರಡರಿಂದಲೂ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಸ್ವಂತ ದುಡ್ಡು ಹಾಕಿ ಆಲ್ಬಂ ಮಾಡಿದವನಿಗೂ ಏನೂ ಸಿಗುವುದಿಲ್ಲ. ಹಲವು ಬಗೆಯ ಸಂಗೀತ ಕೂಡಿಸಿದ ಆಲ್ಬಂ ಬಂದಾಗ ನಾವು ಹುಡುಕಬೇಕಾದದ್ದು ಬೆಸುಗೆಯ ಜಾಗ. ಒಂದು ಸಂಗೀತ ಇನ್ನೊಂದಕ್ಕೆ ಎಲ್ಲಿ ಕೂಡಿತು, ಆ ಜಾಗ ಗಟ್ಟಿ ಇದೆಯಾ, ಸಡಿಲ ಇದೆಯಾ? ಇಷ್ಟು ಹೇಳಿದರೆ ಅರ್ಧ ವಿಮರ್ಶೆ ಆದ ಹಾಗೆ.

ಬೆಳಗಾವಿಯ ಶಹಾಪುರದಲ್ಲಿ ನನ್ನದು ಹಾರ್ಮೋನಿಯಂ, ಅಂದರೆ ಪೇಟಿ ರಿಪೇರಿ ಕೆಲಸ. ಭಜನಾ ಮಂಡಳಿಯವರು, ನಾಟಕದ ಪೇಟಿ ಮಾಸ್ತರರು ಬರುತ್ತಿರುತ್ತಾರೆ. ಈಗೀಗ ಬ್ಯಾಂಡ್ ಕಟ್ಟಿದ ಹುಡುಗರೂ ಪೇಟಿ ಹೊತ್ತು ತರುತ್ತಾರೆ. ಅವರ ಆಲ್ಬಂಗಳ ಬಗ್ಗೆ ರಾತ್ರಿ ಕೂತು ಬರೆಯುತ್ತೇನೆ. ಈಚೆಗೆ ಬಾಗಲಕೋಟೆಯ ಹುಡುಗನೊಬ್ಬ ಮನೆಯಲ್ಲೇ ರೆಕಾರ್ಡ್ ಮಾಡಿ ಎಂಟು ಹಾಡಿನ ರಾಕ್ ಆಲ್ಬಂ ತಂದ. ಹೋಳಿ ಹಲಗಿ, ಚೌಡಿಕೆ ಅನ್ನುವ ತಂತಿವಾದ್ಯ, ಪೇಟಿ, ಸ್ವಲ್ಪ ರೆಗ್ಗೇ, ಒಂದು ಕಡೆ ರ‍್ಯಾಪ್ ಎಲ್ಲ ಇದೆ. ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಕೇಳುವ ರೀತಿ. ಶಫಲ್ ಬಂದ್ ಮಾಡಿ. ಯಾವ ಹಾಡು ಮೊದಲು, ಯಾವುದು ಕೊನೆಗೆ ಅನ್ನುವುದೂ ಹಾಡುಗಾರನ ತೀರ್ಮಾನವೇ, ಅದನ್ನೂ ವಿಮರ್ಶೆ ಮಾಡಬೇಕು. ಮೊದಲ ಸಲ ಪೆನ್ನು ಹಿಡಿಯಬೇಡಿ, ಸುಮ್ನೆ ಕೇಳಿ. ಎರಡನೇ ಸಲ ಬರೀ ತಾಳ ಕೇಳಿ. ಮೂರನೇ ಸಲ ಬರೀ ಮಾತು. ಒಂದು ಸಲ ಇಯರ್‌ಫೋನ್, ಒಂದು ಸಲ ಫೋನಿನ ಸಣ್ಣ ಸ್ಪೀಕರ್. ಜನ ಜಾಸ್ತಿ ಕೇಳುವುದು ಆ ಸಣ್ಣ ಸ್ಪೀಕರಿನಲ್ಲೇ ಅಲ್ವಾ? ಹಾಡುಗಾರ ಕಳಿಸಿದ ಫೈಲನ್ನೂ ಆ್ಯಪಿನಲ್ಲಿ ಬರುವ ಹಾಡನ್ನೂ ಒಂದರ ಪಕ್ಕ ಒಂದಿಟ್ಟು ಸದ್ದು ಹೋಲಿಸಬೇಡಿ. ಸ್ಪಾಟಿಫೈ ಆ್ಯಪ್ ಸಾಮಾನ್ಯವಾಗಿ ಎಲ್ಲ ಹಾಡುಗಳ ಸದ್ದನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಎಂದು ಅಳೆಯುವ ಮಾನ) ಅನ್ನುವ ಒಂದೇ ಮಟ್ಟಕ್ಕೆ ತರುತ್ತದೆ. ಜೋರಾಗಿ ಕೇಳಿಸಿದ್ದು ಕಿವಿಗೆ ಚೆನ್ನಾಗಿಯೇ ಅನ್ನಿಸುತ್ತದೆ, ಹಾಗಾಗಿ ಮೋಸ ಹೋಗುತ್ತೇವೆ.

ಈಗ ಬೆಸುಗೆ ಹುಡುಕುವುದು. ನಿಮಿಷ, ಸೆಕೆಂಡು ಸಮೇತ ಬರೆದಿಟ್ಟುಕೊಳ್ಳಿ. ಈ ಆಲ್ಬಂನ ಮೂರನೇ ಹಾಡು ನೋಡಿ. ಶುರುವಿಗೆ ಬರೀ ಹಲಗಿ. ಹೋಳಿ ಹೊತ್ತಿಗೆ ಬಾಗಲಕೋಟೆಯ ಓಣಿಗಳಲ್ಲಿ, ಬಣ್ಣದ ಬಂಡಿಯ ಮುಂದೆ ಕೇಳುವ ಅದೇ ನಡೆ. ಚರ್ಮವನ್ನು ಬೆಂಕಿಗೆ ಕಾಸಿ ಬಿಗಿ ಮಾಡಿದ್ದಾರೆ, ಪೆಟ್ಟು ಚುರುಕಾಗಿದೆ. 1 ನಿಮಿಷ 40 ಸೆಕೆಂಡಿಗೆ ಡ್ರಮ್ಸ್ ಬರುತ್ತದೆ. ಇಲ್ಲಿ ಅಪಾಯ ಇದೆ. ಡ್ರಮ್ಸ್‌ನ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಸದ್ದೂ ಚುರುಕು, ಹಲಗಿ ಸದ್ದೂ ಚುರುಕು. ಎರಡೂ ಒಂದೇ ಏಟಿಗೆ ಬಿದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ. ಈ ಹುಡುಗ ಸ್ನೇರನ್ನು ಎರಡು ಮತ್ತು ನಾಲ್ಕನೇ ಏಟಿಗೆ ಇಟ್ಟು, ಹಲಗಿಯ ದೊಡ್ಡ ಪೆಟ್ಟನ್ನು ಅವುಗಳ ನಡುವೆ ಅರ್ಧ ಏಟು ಸರಿಸಿದ್ದಾನೆ. ಹಲಗಿಯನ್ನು ಎಡಗಿವಿಯ ಕಡೆಗೂ ತಳ್ಳಿದ್ದಾನೆ. ಗಿಟಾರ್ ಬಂದ ಮೇಲೂ ಹಲಗಿ ಅಡಗಲಿಲ್ಲ. ವಿಮರ್ಶೆಯಲ್ಲಿ ಇದನ್ನೇ ಬರೆಯಿರಿ. ‘ಹಲಗಿ ಮತ್ತು ಡ್ರಮ್ಸ್ ಅದ್ಭುತವಾಗಿ ಬೆರೆತಿವೆ’ ಅಂದರೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ‘ಸ್ನೇರ್ ಬಿಟ್ಟ ಜಾಗದಲ್ಲಿ ಹಲಗಿ ಬೀಳುತ್ತದೆ’ ಅಂದರೆ ಓದಿದವನು ಹಾಡು ಹಚ್ಚಿ ಕಿವಿ ಕೊಡುತ್ತಾನೆ.

ಆರನೇ ಹಾಡಿನಲ್ಲಿ ಹೀಗಾಗಿಲ್ಲ. ಚೌಡಿಕೆ ಮೊದಲ ಹನ್ನೆರಡು ಸೆಕೆಂಡು ಬಂದು ಮಾಯವಾಗುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ನುಡಿಸುವುದನ್ನು ಹತ್ತಿರದಿಂದ ನೋಡಿದ್ದರೆ ಗೊತ್ತು. ತಂತಿಯನ್ನು ಬಿಗಿ ಮಾಡುತ್ತ, ಸಡಿಲ ಬಿಡುತ್ತ ಮೀಟುತ್ತಾರೆ. ಸ್ವರ ಜಾರಿಕೊಂಡು ಏರುತ್ತದೆ, ಇಳಿಯುತ್ತದೆ. ಎಲೆಕ್ಟ್ರಿಕ್ ಗಿಟಾರಿನವರು ಬೆರಳಿನಿಂದ ತಂತಿ ಎಳೆದಾಗಲೂ ಸ್ವರ ಹೀಗೇ ಜಾರುತ್ತದೆ. ಎರಡು ವಾದ್ಯಗಳಿಗೆ ಇಷ್ಟು ದೊಡ್ಡ ನಂಟು ಕೈಯಲ್ಲೇ ಇತ್ತು. ಚೌಡಿಕೆ ಕೇಳಿದ್ದಕ್ಕೆ ಗಿಟಾರ್ ಉತ್ತರ ಕೊಡಬಹುದಿತ್ತು. ಹಾಡು ಅದನ್ನು ಬಿಟ್ಟುಕೊಟ್ಟಿತು, ಚೌಡಿಕೆ ಬಾಗಿಲ ತೋರಣ ಆಗಿ ಉಳಿಯಿತು. ತಪ್ಪು ಹೇಳುವಾಗ ಹೀಗೆ ಏನು ಸಾಧ್ಯವಿತ್ತು ಅನ್ನುವುದನ್ನೂ ಜೊತೆಗೆ ಹೇಳಿ. ಆಗ ಮಾಡಿದವನಿಗೆ ಮುಂದಿನ ಆಲ್ಬಂಗೆ ಏನಾದರೂ ಸಿಗುತ್ತದೆ.

ತಾಳಕ್ಕೆ ಕೈಯಲ್ಲಿ ಚಪ್ಪಾಳೆ ತಟ್ಟಿ ಎಣಿಸುವುದೇ ದಾರಿ. ಐದನೇ ಹಾಡಿನಲ್ಲಿ ಪೇಟಿ ಏಳು ಮಾತ್ರೆಯ ರೂಪಕ ತಾಳದಲ್ಲಿ ನಡೆಯುತ್ತದೆ, ಡ್ರಮ್ಸ್ ನಾಲ್ಕರಲ್ಲಿ. ಎರಡೂ ಒಟ್ಟಿಗೆ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ ಬರುವುದು 28 ಏಟಿಗೆ ಒಮ್ಮೆ. ಆ ಜಾಗದಲ್ಲಿ ಹಾಡುಗಾರ ಸಾಲು ಮುಗಿಸುತ್ತಾನಾ ನೋಡಿ. ಮುಗಿಸಿದರೆ ಬುದ್ಧಿಯಿಂದ ಮಾಡಿದ ಕೆಲಸ.

ಶ್ರುತಿ ವಿಷಯ ನನಗೆ ಬಹಳ ಮುಖ್ಯ. ದಿನವಿಡೀ ಅದನ್ನೇ ಕೇಳುತ್ತೇನೆ. ಪೇಟಿಯ ರೀಡಿನ (ಗಾಳಿಗೆ ನಡುಗಿ ಸ್ವರ ಕೊಡುವ ಲೋಹದ ಪಟ್ಟಿ) ತುದಿ ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಹಳೇ ಪೇಟಿಗಳಲ್ಲಿ ಸ್ವರ ಅಷ್ಟಿಷ್ಟು ಸರಿದೇ ಇರುತ್ತದೆ. ಗಿಟಾರಿನವರು 440 ಹರ್ಟ್ಸ್‌ಗೆ ಶ್ರುತಿ ಮಾಡಿ, ಪೇಟಿಯ ಅದೇ ಸ್ವರ 442ಕ್ಕೆ ನಿಂತಿದ್ದರೆ ಸೆಕೆಂಡಿಗೆ ಎರಡು ಸಲ ಸದ್ದು ಅಲೆಯ ಹಾಗೆ ಏರಿಳಿಯುತ್ತದೆ. ಕಿವಿಯಿಟ್ಟು ಕೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಕೆಲವರು ಬೇಕೆಂದೇ ಹಾಗೆ ಬಿಡುತ್ತಾರೆ, ಸದ್ದು ತುಂಬಿ ಬರಲಿ ಅಂತ. ಬೇಕೆಂದೇ ಬಿಟ್ಟಿದ್ದರೆ ಅದು ಹಾಡಿನ ಭಾವಕ್ಕೆ ಒದಗಬೇಕು. ಇನ್ನೊಂದು ಮಾತು. ನಮ್ಮ ಕಡೆ ಪಾರಿಜಾತ, ಸಣ್ಣಾಟದಂಥ ಜನಪದ ನಾಟಕದ ಹಾಡು ಕೇಳಿ ಬೆಳೆದವರ ದನಿ ಮೇಲಿರುತ್ತದೆ. ಗಿಟಾರಿಗೆ ಅನುಕೂಲ ಅಂತ ಶ್ರುತಿ ಕೆಳಗಿಳಿಸಿದರೆ ಆ ದನಿ ಮಂಕಾಗುತ್ತದೆ. ಈ ಹುಡುಗ ನಾಲ್ಕನೇ ಹಾಡಿನಲ್ಲಿ ಹಾಗೆ ಮಾಡಿದ್ದಾನೆ. ಮೊದಲ ಹಾಡಿನಲ್ಲಿ ಕರಿ ಒಂದರ (ಪೇಟಿಯ ಮೊದಲ ಕಪ್ಪು ಮನೆಯ) ಶ್ರುತಿಯಲ್ಲೇ ಹಾಡಿ, ಗಿಟಾರಿನ ಮೊದಲ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿಸಿದ್ದಾನೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ವ್ಯತ್ಯಾಸ ತಾನಾಗಿಯೇ ಕಾಣುತ್ತದೆ.

‘ಇಂಥದ್ದು ಇದೇ ಮೊದಲು’ ಎಂದು ಬರೆಯುವ ಮುಂಚೆ ಸ್ವಲ್ಪ ತಡೆಯಿರಿ. 1580ರಿಂದ 1627ರವರೆಗೆ ವಿಜಯಪುರ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ದಖನಿ ಭಾಷೆಯಲ್ಲಿ ಹಾಡು ಬರೆದು ರಾಗಗಳಿಗೆ ಹೊಂದಿಸಿದ. ಆ ಹಾಡುಗಳಲ್ಲಿ ಸರಸ್ವತಿಯೂ ಇದ್ದಾಳೆ, ಗಣಪತಿಯೂ ಇದ್ದಾನೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳವದ ಜನಪದ ಹಾಡುಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನ ಜೊತೆ ಹಾಡಿದ್ದಕ್ಕೂ ಹದಿನೈದು ವರ್ಷ ದಾಟಿತು. ಈ ನೆಲದಲ್ಲಿ ಕೂಡಿಸುವ ಕೆಲಸ ಹಳೆಯದು. ಈ ಹುಡುಗ ಆ ಸಾಲಿಗೆ ಏನು ಸೇರಿಸಿದ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಹೆಸರುಗಳ ವಿಷಯದಲ್ಲಿ ಮುಲಾಜು ಬೇಡ. ಸ್ವತಂತ್ರ ಆಲ್ಬಂಗಳಲ್ಲಿ ಗಿಟಾರಿನವನ ಹೆಸರು, ಮಿಕ್ಸಿಂಗ್ ಮಾಡಿದವನ ಹೆಸರು ಇರುತ್ತದೆ. ಹಲಗಿ ಬಾರಿಸಿದವರು ಮಾತ್ರ ‘ಜಾನಪದ ಕಲಾವಿದರು’ ಆಗಿಬಿಡುತ್ತಾರೆ. ಫೋನ್ ಮಾಡಿ ಕೇಳಿ, ಅವರು ಒಪ್ಪಿದರೆ ಹೆಸರು ಬರೆಯಿರಿ. ಹಾಗೇ, ಶರೀಫರ ಪದ ಹಾಡಿದ್ದರೆ ಧಾಟಿ ಯಾರದು ಎಂದೂ ಕೇಳಿ. ಶರೀಫರು ತೀರಿಕೊಂಡದ್ದು 1889ರಲ್ಲಿ, ಪದಗಳು ಎಲ್ಲರವು. ಆದರೆ ಇವತ್ತು ಜನರ ಬಾಯಲ್ಲಿರುವ ಧಾಟಿಗಳಲ್ಲಿ ಎಷ್ಟೋ ಸಿ. ಅಶ್ವಥ್ ಕೂಡಿಸಿದವು. ಅದನ್ನು ‘ಸಾಂಪ್ರದಾಯಿಕ’ ಎಂದು ಹಾಕಿದ್ದರೆ ವಿಮರ್ಶೆಯಲ್ಲಿ ಹೇಳಲೇಬೇಕು.

ಮನೆಯಲ್ಲಿ ರೆಕಾರ್ಡ್ ಮಾಡಿದ್ದು ಅನ್ನುವ ಕಾರಣಕ್ಕೆ ರಿಯಾಯಿತಿ ಕೊಡಬೇಡಿ, ಲಕ್ಷಗಟ್ಟಲೆ ಸುರಿದ ಸ್ಟುಡಿಯೊ ಕೆಲಸದ ಜೊತೆ ತೂಗಲೂಬೇಡಿ. ಫ್ಯಾನಿನ ಸದ್ದು ಹಾಡಿನಲ್ಲಿ ಸೇರಿದ್ದರೆ ಹೇಳಿ. ಅದರಿಂದ ಹಾಡಿಗೆ ಪೆಟ್ಟು ಬಿತ್ತಾ, ಇಲ್ವಾ ಅನ್ನುವುದನ್ನೂ ಹೇಳಿ.

ಅಂಕ, ಚುಕ್ಕೆ ನಾನು ಕೊಡುವುದಿಲ್ಲ. ಎಂಟು ಹಾಡು ಎಂಟು ದಾರಿ ಹಿಡಿದಾಗ ‘ಐದಕ್ಕೆ ಮೂರೂವರೆ’ ಅಂದರೆ ಯಾವ ಹಾಡಿಗೆ ಅಂದ ಹಾಗಾಯಿತು? ಅವಸರದ ತೀರ್ಪೂ ಬೇಡ. ಬ್ಲೂಸ್, ಜಾನಪದ, ಗಡಸು ರಾಕ್ ಕೂಡಿಸಿದ ಲೆಡ್ ಜೆಪ್ಪೆಲಿನ್ ತಂಡದ ಮೊದಲ ಆಲ್ಬಂ 1969ರಲ್ಲಿ ಬಂದಾಗ ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನು ತೆಗಳಿ ಬರೆಯಿತು. ಮುಂದೆ ಅದೇ ಪತ್ರಿಕೆ ಅದನ್ನು ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳ ಪಟ್ಟಿಗೆ ಸೇರಿಸಿತು. ಒಂದು ವಾರ ಬಿಟ್ಟು ಮತ್ತೆ ಕೇಳಿ, ಆಮೇಲೆ ಬರೆಯಿರಿ.

ಬೇರೆಯವರ ವಿಮರ್ಶೆ ಓದುವುದು ನಿಮ್ಮದು ಬರೆದಾದ ಮೇಲೆ. ಈ ಆಲ್ಬಂ ಬಗ್ಗೆ ಬೆಂಗಳೂರಿನ ಕಡೆಯವರು ರ‍್ಯಾಪ್ ಹಾಡನ್ನೇ ಹೊಗಳಿದರು. ಬಾಗಲಕೋಟೆಯ ಹಿರಿಯರಿಗೆ ಹಲಗಿಯ ನಡೆ ಬದಲಿಸಿದ್ದು ಸರಿ ಬರಲಿಲ್ಲ. ಇಬ್ಬರ ಮಾತೂ ತೂಕದ್ದು. ನನ್ನ ಪ್ರಕಾರ ಹಿರಿಯರ ಮಾತಿಗೆ ಉತ್ತರ ಮೂರನೇ ಹಾಡಿನಲ್ಲೇ ಇದೆ: ನಡೆ ಅರ್ಧ ಏಟು ಸರಿದಿದ್ದಕ್ಕೇ ಹಲಗಿ ಉಳಿಯಿತು. ಹೀಗೆ ಒಂದು ಆಕ್ಷೇಪ ತೆಗೆದುಕೊಂಡು ಹಾಡನ್ನೇ ಸಾಕ್ಷಿ ಇಟ್ಟು ಮಾತಾಡಿದರೆ ನಿಮ್ಮ ಬರಹಕ್ಕೆ ಬಲ ಬರುತ್ತದೆ.

ನಮ್ಮ ಊರುಗಳು ಸಣ್ಣವು. ಬರೆದ ಮಾರನೇ ದಿನ ಹಾಡಿದವನು ಎದುರಿಗೆ ಸಿಗುತ್ತಾನೆ, ಇಲ್ಲವೇ ಅವನ ಮಾವ ಸಿಗುತ್ತಾನೆ. ಆದ್ದರಿಂದ ಅಚ್ಚಾಗುವ ಮುಂಚೆ ಹೆಸರು, ವಾದ್ಯ, ತಾಳ ಸರಿ ಇವೆಯಾ ಎಂದಷ್ಟೇ ಅವನನ್ನು ಕೇಳಿ. ಅಭಿಪ್ರಾಯ ತೋರಿಸಬೇಡಿ, ಒಪ್ಪಿಗೆ ಕೇಳಬೇಡಿ. ಆಮೇಲೆ ಸಿಟ್ಟಾಗಿ ಬಂದರೆ ಚಹಾ ತರಿಸಿ, ಬರೆದಿಟ್ಟುಕೊಂಡ ನಿಮಿಷ ಸೆಕೆಂಡಿಗೆ ಹಾಡು ಹಚ್ಚಿ, ಇಬ್ಬರೂ ಒಟ್ಟಿಗೆ ಕೂತು ಕೇಳಿ.