ಫ್ಲೋರಿಡಾದಲ್ಲಿ ಕೊಂಡ ಬೋಟ್ ಮನೆಗೆ ತರಿಸುವಾಗ: ಕ್ಯಾಪ್ಟನ್ ಮೊದಲು, ಸಹಿ ಆಮೇಲೆ

ಬಾಸ್ಟನ್, ಪ್ರಾವಿಡೆನ್ಸ್, ನ್ಯೂಜೆರ್ಸಿ ಕಡೆಯ ನಮ್ಮ ಕನ್ನಡಿಗರು ಹಳೆಯ ಹಾಯಿದೋಣಿ ಕೊಳ್ಳಲು ಹೊರಟರೆ ಹುಡುಕಾಟ ಕೊನೆಗೆ ಫ್ಲೋರಿಡಾಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಆಯ್ಕೆ ಜಾಸ್ತಿ. ಬ್ರೋಕರ್ ಯಾರು, ಸರ್ವೇ (ಕೊಳ್ಳುವ ಮೊದಲು ಮಾಡಿಸುವ ಬೋಟ್ ತಪಾಸಣೆ) ಯಾಕೆ, ಆಫರ್ ಹೇಗೆ ಹಾಕಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಬ್ರೋಕರ್ ಹೇಳುತ್ತಾರೆ. ಬ್ರೋಕರ್ ಪೂರ್ತಿಯಾಗಿ ಹೇಳದೆ ಬಿಡುವುದು ಆಮೇಲಿನ ಕಥೆಯನ್ನು. ಕೊಂಡ ಬೋಟನ್ನು ಮನೆಗೆ ತರುವ ಕಥೆ.

ಫೋರ್ಟ್ ಲಾಡರ್‌ಡೇಲ್‌ನಿಂದ ರೋಡ್ ಐಲೆಂಡ್‌ನ ನ್ಯೂಪೋರ್ಟ್‌ಗೆ ಸುಮಾರು 1,000 ನಾಟಿಕಲ್ ಮೈಲಿ ದೂರ. ದಾರಿಯಲ್ಲಿ ಗಲ್ಫ್ ಸ್ಟ್ರೀಮ್ ಇದೆ. ಉತ್ತರಕ್ಕೆ ಹರಿಯುವ ಆ ಪ್ರವಾಹಕ್ಕೆ ಎದುರಾಗಿ ಉತ್ತರದ ಗಾಳಿ ಬೀಸಿದರೆ ಅಲೆಗಳು ಗೋಡೆಯಂತೆ ನೆಟ್ಟಗೆ ಏಳುತ್ತವೆ. ಮುಂದೆ ಕೇಪ್ ಹ್ಯಾಟೆರಸ್, ಒರಟು ಸಮುದ್ರಕ್ಕೆ ಹೆಸರಾದ ನಾರ್ತ್ ಕ್ಯಾರೊಲಿನಾದ ಭೂಶಿರ. ಒಳಕೊಲ್ಲಿಯಲ್ಲಿ ವಾರಾಂತ್ಯಕ್ಕೆ ಹಾಯಿ ಬಿಚ್ಚಿ ಕಲಿತವರು ಸುಮ್ನೆ ಹೊರಟುಬಿಡುವ ದಾರಿ ಇದಲ್ಲ. ಅದಕ್ಕೇ ಡೆಲಿವರಿ ಕ್ಯಾಪ್ಟನ್, ಅಂದರೆ ಹಣ ಪಡೆದು ಬೋಟನ್ನು ಊರು ಮುಟ್ಟಿಸಿಕೊಡುವವರು, ಬೇಕು. ಅಷ್ಟರ ಮಟ್ಟಿಗೆ ಎಲ್ಲರೂ ಸರಿಯಾಗಿಯೇ ಯೋಚಿಸುತ್ತಾರೆ. ಎಡವುವುದು ಕೆಲಸಗಳ ಸರದಿಯಲ್ಲಿ. ನಾನು ಹಣ ಕಳೆದುಕೊಂಡದ್ದೂ ಅಲ್ಲೇ. ಹೊಸಬರು ಪ್ರತಿ ವಸಂತದಲ್ಲೂ ಅದೇ ಜಾಗದಲ್ಲಿ ಕಳೆದುಕೊಳ್ಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಲೈಸೆನ್ಸ್ ಇದ್ದರೆ ಸಾಕೇ?

ಮೊದಲು ಒಂದು ವಿಷಯ. ಪ್ರಯಾಣಿಕರಿಂದ ಹಣ ಪಡೆಯದ ಖಾಸಗಿ ಬೋಟನ್ನು ಒಂದೂರಿಂದ ಇನ್ನೊಂದೂರಿಗೆ ಸಾಗಿಸಲು ಅಮೆರಿಕದ ಕಾನೂನು ಸಾಮಾನ್ಯವಾಗಿ ಕ್ಯಾಪ್ಟನ್ ಲೈಸೆನ್ಸ್ ಕೇಳುವುದಿಲ್ಲ. ಅಂದರೆ ಯಾರು ಬೇಕಾದರೂ ತಮ್ಮನ್ನು ಡೆಲಿವರಿ ಕ್ಯಾಪ್ಟನ್ ಎಂದು ಕರೆದುಕೊಳ್ಳಬಹುದು. ಲೈಸೆನ್ಸ್ ಕೇಳುವುದು ಇನ್ಶೂರೆನ್ಸ್ ಕಂಪನಿ. ಕೇಳಬೇಕಾದ್ದು ನೀವು.

ಕೋಸ್ಟ್ ಗಾರ್ಡ್ ಕೊಡುವ ಲೈಸೆನ್ಸ್‌ಗಳಲ್ಲಿ ಕೆಳಗಿನ ಮೆಟ್ಟಿಲು 'ಸಿಕ್ಸ್ ಪ್ಯಾಕ್'. ಹಣ ಕೊಟ್ಟು ಬರುವ ಆರು ಜನರವರೆಗೆ ಕರೆದೊಯ್ಯಲು ಅದು ಅನುಮತಿ. ಅದರ ಮೇಲೆ 25, 50, 100 ಟನ್‌ವರೆಗಿನ ಬೋಟ್ ನಡೆಸಲು ಮಾಸ್ಟರ್ ಲೈಸೆನ್ಸ್‌ಗಳು. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಕೋಸ್ಟ್ ಗಾರ್ಡ್‌ನ ನ್ಯಾಷನಲ್ ಮ್ಯಾರಿಟೈಮ್ ಸೆಂಟರ್‌ನ ತಾಣದಲ್ಲಿ ಪರಿಶೀಲಿಸಬಹುದು. ಸಂಕೋಚ ಬೇಡ, ಪರಿಶೀಲಿಸಿ. ಒಳ್ಳೆಯ ಕ್ಯಾಪ್ಟನ್‌ಗಳು ಕೇಳುವ ಮೊದಲೇ ಪ್ರತಿ ಕಳಿಸುತ್ತಾರೆ.

ಈ ವಿಷಯದಲ್ಲಿ ಬ್ರಿಟಿಷರ ಪದ್ಧತಿ ಅಮೆರಿಕದ್ದಕ್ಕಿಂತ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕದಲ್ಲಿ ಸಮುದ್ರದಲ್ಲಿ ಕಳೆದ ದಿನಗಳ ಲೆಕ್ಕ ತೋರಿಸಿ, ಲಿಖಿತ ಪರೀಕ್ಷೆ ಪಾಸಾದರೆ ಈ ಸಣ್ಣ ಲೈಸೆನ್ಸ್‌ಗಳು ಸಿಗುತ್ತವೆ. ನೀರಿನ ಮೇಲೆ ಪರೀಕ್ಷಕ ಕೂತು ನೋಡುವುದಿಲ್ಲ. ಬ್ರಿಟನ್ನಿನ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಕೊಡುವ ಯಾಟ್‌ಮಾಸ್ಟರ್ ಅರ್ಹತೆಗೆ ಪರೀಕ್ಷಕ ಬೋಟ್ ಹತ್ತುತ್ತಾನೆ. ಕತ್ತಲಲ್ಲಿ ದಾರಿ ಹಿಡಿಸುತ್ತಾನೆ, ನೀರಿಗೆ ಬಿದ್ದವರನ್ನು ಎತ್ತುವುದು ಹೇಗೆ ಎಂದು ಮಾಡಿ ತೋರಿಸು ಅನ್ನುತ್ತಾನೆ. ಹಾಯಿದೋಣಿಗೆ ಕ್ಯಾಪ್ಟನ್ ಬೇಕಾದಾಗ ಎರಡೂ ಇರುವವರು ಸಿಕ್ಕರೆ ಬಿಡಬೇಡಿ. ಅಮೆರಿಕದ ಲೈಸೆನ್ಸ್ ಮಾತ್ರ ಇದ್ದರೆ, ಆ ಸಮುದ್ರದ ದಿನಗಳು ಯಾವ ಬೋಟಿನಲ್ಲಿ ಕಳೆದವು ಎಂದು ಕೇಳಿ. ಎರಡು ಎಂಜಿನ್‌ನ ಮೀನುಗಾರಿಕೆ ಬೋಟಿನಲ್ಲಿ ಪಳಗಿದವರು 42 ಅಡಿಯ ಹಾಯಿದೋಣಿಯನ್ನು ಹ್ಯಾಟೆರಸ್ ದಾಟಿಸಬಲ್ಲರು ಎಂದು ಆ ಕಾಗದ ಹೇಳುವುದಿಲ್ಲ.

ಹಣ ನುಂಗುವ ಹತ್ತು ದಿನ

ಇದನ್ನು ನಿಧಾನವಾಗಿ ಓದಿ.

ಫ್ಲೋರಿಡಾದಲ್ಲಿ ಬೋಟ್ ಕೊಂಡರೆ ರಾಜ್ಯದ ಸೇಲ್ಸ್ ಟ್ಯಾಕ್ಸ್ 6 ಶೇಕಡ. ಜೊತೆಗೆ ಕೌಂಟಿಯ ಚಿಕ್ಕ ತೆರಿಗೆ. ಬೋಟ್ ಎಷ್ಟೇ ದುಬಾರಿಯಾದರೂ ತೆರಿಗೆ 18,000 ಡಾಲರ್ ಮೀರುವುದಿಲ್ಲ. ನೀವು ಫ್ಲೋರಿಡಾ ನಿವಾಸಿ ಅಲ್ಲದಿದ್ದರೆ, ನೋಂದಾಯಿತ ಡೀಲರ್ ಅಥವಾ ಬ್ರೋಕರ್ ಮೂಲಕ ಕೊಂಡರೆ, ಅಫಿಡವಿಟ್ ಕೊಟ್ಟು ಈ ತೆರಿಗೆಯಿಂದ ವಿನಾಯಿತಿ ಪಡೆಯಬಹುದು. ಮಾಲೀಕನಿಂದ ನೇರವಾಗಿ ಕೊಂಡವರಿಗೆ ಈ ದಾರಿ ಇಲ್ಲ. ಷರತ್ತು ಏನೆಂದರೆ ಕೊಂಡ 10 ದಿನದೊಳಗೆ ಬೋಟ್ ಫ್ಲೋರಿಡಾದ ನೀರು ಬಿಟ್ಟಿರಬೇಕು. ನೋಂದಾಯಿತ ಯಾರ್ಡ್‌ನಲ್ಲಿ ರಿಪೇರಿಗೆ ಹಾಕಿದರೆ, ಕೆಲಸ ಮುಗಿದ 20 ದಿನದೊಳಗೆ.

ಹತ್ತು ದಿನ ಸಾಕಲ್ವಾ ಎಂದು ಎಲ್ಲರಿಗೂ ಅನ್ನಿಸುತ್ತದೆ. ಸಾಕಾಗುವುದಿಲ್ಲ. ಯಾಕೆಂದರೆ ಕ್ಲೋಸಿಂಗ್ ಆದ ದಿನವೇ, ಅಂದರೆ ಹಣ ಕೊಟ್ಟು ಸಹಿ ಹಾಕಿ ಬೋಟ್ ನಿಮ್ಮದಾದ ದಿನವೇ, ಎಣಿಕೆ ಶುರು. ಇನ್ಶೂರೆನ್ಸ್ ಕಂಪನಿಯ ಗಡಿಯಾರ ಮಾತ್ರ ಬೇರೆಯದೇ ವೇಗದಲ್ಲಿ ನಡೆಯುತ್ತದೆ.

ಪ್ರಾವಿಡೆನ್ಸ್‌ನಲ್ಲಿರುವ ಹುಬ್ಬಳ್ಳಿಯ ಗೆಳೆಯರೊಬ್ಬರ ವಿಷಯ ಹೇಳುತ್ತೇನೆ. 1,20,000 ಡಾಲರ್‌ಗೆ ಒಳ್ಳೆಯ ಹಾಯಿದೋಣಿ ಕೊಂಡರು. ಪಾಲಿಸಿ ಬಂತು, ಹಣ ಕಟ್ಟಿದರು. ಕ್ಯಾಪ್ಟನ್ ಒಬ್ಬರನ್ನು ಮಾತಾಡಿದರು. ಅವರಿಗೆ 100 ಟನ್ ಲೈಸೆನ್ಸ್ ಇತ್ತು. ಕ್ಯಾಪ್ಟನ್ ಬಂದು ಡೀಸೆಲ್ ತುಂಬಿಸಿ, ಸಾಮಾನು ತಂದು ಹೊರಡಲು ತಯಾರಾದರು. ಆಗ ಗೆಳೆಯರು ಏಜೆಂಟ್‌ಗೆ ಫೋನ್ ಮಾಡಿ, ನಾಳೆ ಬೋಟ್ ಹೊರಡುತ್ತದೆ ಎಂದು ಮಾತಿಗೆ ಹೇಳಿದರು. ಏಜೆಂಟ್ ತಡೆದರು. ಪಾಲಿಸಿಯಲ್ಲಿ ಬೋಟ್ ನಡೆಸುವವರು ಎಂದು ಇದ್ದದ್ದು ಗೆಳೆಯರ ಹೆಸರು ಮಾತ್ರ. ಕ್ಯಾಪ್ಟನ್‌ರ ಅನುಭವದ ವಿವರವನ್ನು ಅಂಡರ್‌ರೈಟರ್ (ಇನ್ಶೂರೆನ್ಸ್ ಕಂಪನಿಯಲ್ಲಿ ಅಪಾಯ ಅಳೆದು ಒಪ್ಪಿಗೆ ಕೊಡುವವರು) ನೋಡಿ ಒಪ್ಪಬೇಕಿತ್ತು. ಕಳಿಸಿದರು. ವಾರಾಂತ್ಯ ಕಳೆದು ಉತ್ತರ ಬಂತು. ಆ ಕ್ಯಾಪ್ಟನ್‌ರ ಅನುಭವ ಹೆಚ್ಚಾಗಿ ಪವರ್‌ಬೋಟ್‌ಗಳದ್ದು, ಒಪ್ಪುವುದಿಲ್ಲ. ಇನ್ನೊಂದು ಮಾತೂ ಇತ್ತು. ಸರ್ವೇಯರ್ ಪಟ್ಟಿ ಮಾಡಿದ್ದ ದೋಷಗಳನ್ನು ಸರಿಪಡಿಸಿದ್ದಕ್ಕೆ ಸಹಿ ಮಾಡಿದ ಪತ್ರ ಬರುವವರೆಗೆ ಬೋಟ್ ಮರೀನಾ ಬಿಡಬಾರದು.

ಎರಡನೆಯ ಕ್ಯಾಪ್ಟನ್ ಸಿಗುವಷ್ಟರಲ್ಲಿ ಹತ್ತು ದಿನ ಮುಗಿದಿತ್ತು. 7,200 ಡಾಲರ್ ತೆರಿಗೆ ಹೋಯಿತು. ರೋಡ್ ಐಲೆಂಡ್‌ನಲ್ಲಿ ಬೋಟ್‌ಗಳಿಗೆ ಸೇಲ್ಸ್ ಟ್ಯಾಕ್ಸೇ ಇಲ್ಲ. ಅಂದರೆ ಆ ಹಣ ಪೂರ್ತಿ ದಂಡ. ಮೊದಲ ಕ್ಯಾಪ್ಟನ್‌ರ ವಿಮಾನ ಟಿಕೆಟ್, ಕಾದ ದಿನಗಳ ಕೂಲಿ ಬೇರೆ. ಅಷ್ಟಾದರೂ ನಾನು ಅವರಿಗೆ ಹೇಳಿದ್ದು ಒಂದೇ: ನೀವು ಫೋನ್ ಮಾಡಿದ್ದು ಒಳ್ಳೆಯದಾಯಿತು. ಮಾಡದೆ ಹೊರಟಿದ್ದರೆ ಇಡೀ ದಾರಿ ಬೋಟಿಗೆ ಇನ್ಶೂರೆನ್ಸ್ ಇರುತ್ತಿರಲಿಲ್ಲ. ದಾರಿಯಲ್ಲಿ ಏನಾದರೂ ಆದಾಗಷ್ಟೇ ಅದು ತಿಳಿಯುತ್ತಿತ್ತು.

ಹಾಗಾಗಿ ಸರದಿ ತಿರುಗಿಸಿ. ಆಫರ್ ಒಪ್ಪಿಗೆಯಾಗಿ ಸರ್ವೇ ನಡೆಯುವ ವಾರದಲ್ಲೇ ಕ್ಯಾಪ್ಟನ್ ಹುಡುಕಿ. ಅವರ ಅನುಭವದ ವಿವರ, ಲೈಸೆನ್ಸ್ ಪ್ರತಿ, ಹೋಗುವ ದಾರಿ, ಅಂದಾಜು ದಿನಾಂಕ, ಜೊತೆಗೆ ಬರುವ ಸಿಬ್ಬಂದಿಯ ಹೆಸರು, ಎಲ್ಲವನ್ನೂ ಅಂಡರ್‌ರೈಟರ್‌ಗೆ ಕಳಿಸಿ. ಫೋನಿನಲ್ಲಿ 'ಆಗುತ್ತೆ ಬಿಡಿ' ಅಂದರೆ ಅದಕ್ಕೆ ಬೆಲೆ ಇಲ್ಲ. ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರುವ ತಿದ್ದುಪಡಿ, ಬರಹದಲ್ಲಿ ಬರಬೇಕು. ಅದರಲ್ಲಿ ಕ್ಯಾಪ್ಟನ್ ಹೆಸರು ಇರಬೇಕು. ಪಾಲಿಸಿಯ ನ್ಯಾವಿಗೇಷನ್ ಲಿಮಿಟ್ (ಪಾಲಿಸಿ ಅನ್ವಯಿಸುವ ಸಮುದ್ರದ ಗಡಿ) ಒಳಗೆ ಇಡೀ ದಾರಿ ಬರುತ್ತದೆಯೇ ನೋಡಿ. ಫ್ಲೋರಿಡಾ ಕರಾವಳಿಗೆ ಮಾತ್ರ ಬರೆದ ಪಾಲಿಸಿ ಜಾರ್ಜಿಯಾದಲ್ಲಿ ಕೆಲಸಕ್ಕೆ ಬರುವುದಿಲ್ಲ. ಸರ್ವೇ ದೋಷಗಳಲ್ಲಿ ಹೊರಡುವ ಮೊದಲೇ ಆಗಬೇಕಾದದ್ದು ಯಾವುದು, ಆಮೇಲೆ ಆದರೂ ನಡೆಯುವುದು ಯಾವುದು ಎಂದು ಕೇಳಿ ಬರೆಸಿಕೊಳ್ಳಿ. ಇದೆಲ್ಲ ಕೈಗೆ ಬಂದ ಮೇಲೆ ಕ್ಲೋಸಿಂಗ್ ದಿನ ಗೊತ್ತುಮಾಡಿ. ಬ್ರೋಕರ್ ಅವಸರ ಮಾಡುತ್ತಾರೆ. ಕಮಿಷನ್ ಅವರದು, ತೆರಿಗೆ ನಿಮ್ಮದು. ತಡೆಯಿರಿ.

ಬೋಟ್ 5 ನೆಟ್ ಟನ್ (ಇದು ತೂಕವಲ್ಲ, ಒಳಜಾಗದ ಅಳತೆ) ಅಥವಾ ಅದಕ್ಕಿಂತ ದೊಡ್ಡದಾದರೆ ಇನ್ನೊಂದು ರಕ್ಷಣೆ ಇದೆ. ಫ್ಲೋರಿಡಾ ಕಂದಾಯ ಇಲಾಖೆಯ ಡೆಕಲ್ (ಬೋಟಿಗೆ ಅಂಟಿಸುವ ಅನುಮತಿ ಚೀಟಿ) ಕೊಂಡರೆ 10 ದಿನದ ಬದಲು 90 ದಿನ ಸಿಗುತ್ತದೆ. ಅದನ್ನು ಇನ್ನೂ 90 ದಿನ ವಿಸ್ತರಿಸಬಹುದು. ಕ್ಲೋಸಿಂಗ್ ಹೊತ್ತಿಗೇ ಬ್ರೋಕರ್ ಬಳಿ ಕೇಳಿ ತೆಗೆದುಕೊಳ್ಳಿ. 'ಹತ್ತು ದಿನದಲ್ಲಿ ಹೋಗೇ ಹೋಗುತ್ತೇವೆ' ಎಂದು ಡೆಕಲ್ ಬಿಡಬೇಡಿ. ಆ ಖರ್ಚು ತೆರಿಗೆಯ ಮುಂದೆ ಏನೂ ಅಲ್ಲ. ಅದಕ್ಕಿಂತ ಮುಖ್ಯ, ಹತ್ತನೆಯ ದಿನ ಬಂತು ಎಂಬ ಕಾರಣಕ್ಕೆ ಕೆಟ್ಟ ಹವಾಮಾನದಲ್ಲಿ ಬೋಟ್ ಕಳಿಸುವ ಯೋಚನೆಯೇ ಬರುವುದಿಲ್ಲ.

ಬೋಟ್ ರಾಜ್ಯ ಬಿಟ್ಟಿದ್ದಕ್ಕೆ ಪುರಾವೆಯನ್ನೂ ಇಲಾಖೆ ಕೇಳುತ್ತದೆ. ಫ್ಲೋರಿಡಾದ ಹೊರಗೆ ಇಂಧನ ತುಂಬಿಸಿದ, ಮರೀನಾದಲ್ಲಿ ನಿಂತ ರಸೀದಿಗಳು ಬೇಕು. ಅವುಗಳ ಮೇಲೆ ನಿಮ್ಮ ಬೋಟಿನ ಗುರುತು ಸ್ಪಷ್ಟವಾಗಿರಬೇಕು. ಬರೀ ಡೀಸೆಲ್ ಗ್ಯಾಲನ್ ಇರುವ ಚೀಟಿ ಸಾಲದು. ಬೋಟಿನ ಹೆಸರು, ನಂಬರ್ ಬರೆಸಿಕೊಂಡು ಅಲ್ಲೇ ಫೋಟೋ ತೆಗೆದು ಕಳಿಸಲು ಕ್ಯಾಪ್ಟನ್‌ಗೆ ಮೊದಲೇ ಹೇಳಿ.

ಎಚ್‌-1ಬಿ, ಗ್ರೀನ್ ಕಾರ್ಡ್ ಇರುವವರಿಗೆ

ಬೋಟನ್ನು ಕೋಸ್ಟ್ ಗಾರ್ಡ್‌ನಲ್ಲಿ ಡಾಕ್ಯುಮೆಂಟ್ ಮಾಡಿಸಲು, ಅಂದರೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ನೋಂದಾಯಿಸಲು, ಮಾಲೀಕರು ಅಮೆರಿಕದ ಪ್ರಜೆಯೇ ಆಗಿರಬೇಕು. ಗ್ರೀನ್ ಕಾರ್ಡ್ ಸಾಲದು. ನೀವು ನಿಮ್ಮ ರಾಜ್ಯದಲ್ಲಿ ನೋಂದಣಿ ಮಾಡಿಸಬೇಕು. ಮಾರುವವರು ಬೋಟನ್ನು ಡಾಕ್ಯುಮೆಂಟ್ ಮಾಡಿಸಿದ್ದರೆ, ಅದು ರದ್ದಾದ ಪತ್ರ ನಿಮ್ಮ ನೋಂದಣಿಗೆ ಬೇಕಾಗುತ್ತದೆ. ಅದು ತಡವಾಗುತ್ತದೆ. ಕ್ಯಾಪ್ಟನ್ ಕೈಯಲ್ಲಿ ಯಾವ ಕಾಗದ ಇಟ್ಟು ಕಳಿಸಬೇಕು ಎಂದು ನಿಮ್ಮ ರಾಜ್ಯದ ಕಚೇರಿಯನ್ನು ಮುಂಚೆಯೇ ಕೇಳಿ.

ನೀವೂ ಬೋಟಿನಲ್ಲಿ ಹೋಗುವುದಾದರೆ, 'ಹಾಗೇ ಬಿಮಿನಿ ನೋಡಿಕೊಂಡು ಹೋಗೋಣ' ಎಂಬ ಮಾತಿಗೆ ತಲೆಯಾಡಿಸಬೇಡಿ. ಬಿಮಿನಿ ಬಹಾಮಾಸ್‌ಗೆ ಸೇರಿದ್ದು. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಅವಧಿ ಮುಗಿದಿದ್ದರೆ, ಐ-797 (ಎಚ್‌-1ಬಿ ಒಪ್ಪಿಗೆಯ ಪತ್ರ) ಒಂದನ್ನೇ ಹಿಡಿದು ಅಲ್ಲಿಂದ ವಾಪಸ್ ಒಳಗೆ ಬರಲು ಆಗುವುದಿಲ್ಲ.

ದುಡ್ಡು, ಕರಾರು

ಡೆಲಿವರಿ ಕ್ಯಾಪ್ಟನ್‌ಗಳು ಸಾಮಾನ್ಯವಾಗಿ ದಿನಕ್ಕೆ 300ರಿಂದ 500 ಡಾಲರ್ ಕೇಳುತ್ತಾರೆ. ಜೊತೆಗಾರನಿಗೆ ಬೇರೆ. ಊಟ, ಇಂಧನ, ಮರೀನಾ ಬಾಡಿಗೆ, ಅವರ ವಿಮಾನ ಟಿಕೆಟ್ ನಿಮ್ಮದು. ಕೆಲವರು ಮೈಲಿಗೆ ಇಷ್ಟು ಅಥವಾ ಇಡೀ ಪ್ರಯಾಣಕ್ಕೆ ಇಷ್ಟು ಎಂದು ಹೇಳುತ್ತಾರೆ. ನಮ್ಮವರಿಗೆ ಒಟ್ಟು ಮೊತ್ತ ಕೇಳಿದರೆ ನೆಮ್ಮದಿ. ನನಗೆ ಅದು ಇಷ್ಟವಿಲ್ಲ. ಒಟ್ಟು ಮೊತ್ತಕ್ಕೆ ಒಪ್ಪಿದವರಿಗೆ ಬಂದರಿನಲ್ಲಿ ಕಾದ ಪ್ರತಿ ದಿನವೂ ನಷ್ಟ. ಗಾಳಿ ಸರಿಯಿಲ್ಲದಿದ್ದರೂ ಹೊರಡುವ ಆಸೆ ಅಲ್ಲೇ ಹುಟ್ಟುತ್ತದೆ. ದಿನಗೂಲಿ ಕೊಡಿ. ಹವಾಮಾನಕ್ಕೆ ಕಾಯುವ ದಿನಗಳಿಗೂ ಕೊಡಿ. 'ಶುಕ್ರವಾರದೊಳಗೆ ಬಂದುಬಿಡಿ' ಎಂದು ಮಾತ್ರ ಎಂದೂ ಹೇಳಬೇಡಿ.

ಮಲ್ಪೆಯಲ್ಲಿ ಬೋಟ್ ಮಾಲೀಕರು ಬೋಟ್ ನಡೆಸುವ ತಾಂಡೇಲನ ಕೈಗೆ ಬೋಟ್ ಕೊಟ್ಟು ದಡದಲ್ಲಿ ನಿಶ್ಚಿಂತೆಯಾಗಿ ಇರುತ್ತಾರೆ. ಮೀನಿನಲ್ಲಿ ಅವನಿಗೂ ಪಾಲಿದೆ, ಬೋಟಿನ ಒಳಿತು ಅವನ ಒಳಿತೂ ಹೌದು. ಮನುಷ್ಯರ ನಡುವಿನ ನಂಬಿಕೆಯ ಮಟ್ಟಿಗೆ ಆ ಪದ್ಧತಿಯೇ ನನಗೆ ಮೇಲು. ಇಲ್ಲಿ ಆ ಪಾಲು ಇಲ್ಲ. ಅದರ ಜಾಗದಲ್ಲಿ ಕರಾರು ಬೇಕು. ದಿನದ ಲೆಕ್ಕ ಯಾವಾಗ ಶುರು, ಎಂಜಿನ್ ಕೆಟ್ಟು ನಿಂತರೆ ಕೂಲಿ ಎಷ್ಟು, ಎಷ್ಟು ಡಾಲರ್‌ವರೆಗೆ ಕೇಳದೆ ರಿಪೇರಿ ಮಾಡಿಸಬಹುದು, ಎಲ್ಲ ಬರೆಯಿರಿ. ನೀವು ಬೋಟಿನಲ್ಲಿದ್ದರೂ ಹೊರಡುವ, ನಿಲ್ಲುವ ತೀರ್ಮಾನ ಕ್ಯಾಪ್ಟನ್‌ದೇ ಎಂದೂ ಬರೆಯಿರಿ.

ಟೋಯಿಂಗ್ ಮತ್ತು ಸಾಲ್ವೇಜ್ ವ್ಯತ್ಯಾಸವನ್ನೂ ಮಾತಾಡಿ. ಎಳೆದುಕೊಂಡು ಹೋಗಲು ಗಂಟೆಗೆ ಇಷ್ಟು ಎಂಬುದು ಒಂದು. ಅಪಾಯದಿಂದ ಉಳಿಸಿದ್ದಕ್ಕೆ ಬೋಟಿನ ಬೆಲೆ ನೋಡಿ ಪ್ರತಿಫಲ ಕೇಳುವುದು ಇನ್ನೊಂದು. ಬಂದವರು ಯಾವ ಲೆಕ್ಕದಲ್ಲಿ ಹಗ್ಗ ಎಸೆಯುತ್ತಿದ್ದಾರೆ ಎಂದು ಮೊದಲೇ ಕೇಳಲು ಕ್ಯಾಪ್ಟನ್‌ಗೆ ಹೇಳಿ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಯಾವ ಲೆಕ್ಕವೂ ಬೇಡ, ಹಗ್ಗ ಹಿಡಿಯಲಿ.

ಕ್ಯಾಪ್ಟನ್ ಅಥವಾ ಜೊತೆಗಾರ ಗಾಯಗೊಂಡರೆ 1920ರ ಜೋನ್ಸ್ ಆಕ್ಟ್ ಮತ್ತು ಕಡಲ ಕಾನೂನಿನಡಿ ಮಾಲೀಕರ ಮೇಲೆ ಹಕ್ಕು ಕೇಳಬಹುದು. ಸಂಬಳದ ಸಿಬ್ಬಂದಿಗೆ ರಕ್ಷಣೆ ಪಾಲಿಸಿಯಲ್ಲಿ ತಾನಾಗಿ ಇರುತ್ತದೆ ಅಂದುಕೊಳ್ಳಬೇಡಿ. ಕೇಳಿ ಸೇರಿಸಿ. ಹಾಗೆಯೇ ನಾವಿಕರ ಸಂಬಳ ಬಾಕಿ ಉಳಿದರೆ ಬೋಟಿನ ಮೇಲೇ ಲೀನ್ (ಬಾಕಿ ವಸೂಲಿಯ ಹಕ್ಕು) ಬರಬಹುದು. ಕೊಡಬೇಕಾದ್ದನ್ನು ತಡಮಾಡದೆ ಕೊಡಿ.

ಹೊರಡುವ ಮೊದಲು

ಹರಿಕೇನ್ ಋತು ಜೂನ್ 1ರಿಂದ ನವೆಂಬರ್ 30. ಆ ದಿನಗಳಲ್ಲಿ ಇಂಥ ಅಕ್ಷಾಂಶದ ಉತ್ತರಕ್ಕೇ ಬೋಟ್ ಇರಬೇಕು ಎಂದು ಎಷ್ಟೋ ಪಾಲಿಸಿಗಳು ಹೇಳುತ್ತವೆ. ಮೇ ಕೊನೆಯಲ್ಲಿ ಕ್ಲೋಸಿಂಗ್ ಇಟ್ಟುಕೊಂಡರೆ ಎರಡು ಗಡುವು ಒಟ್ಟಿಗೆ ಬಂದು ಕೂರುತ್ತವೆ. ಏಪ್ರಿಲ್‌ನಲ್ಲೇ ಮುಗಿಸಿ.

ಮಾಸ್ಟ್ (ಹಾಯಿಕಂಬ) ಎತ್ತರ ಅಳೆಸಿ, ತುದಿಯ ಆಂಟೆನಾವನ್ನೂ ಲೆಕ್ಕಕ್ಕೆ ಸೇರಿಸಿ. ಹ್ಯಾಟೆರಸ್ ತಪ್ಪಿಸಲು ಅನೇಕ ಕ್ಯಾಪ್ಟನ್‌ಗಳು ನಾರ್ತ್ ಕ್ಯಾರೊಲಿನಾದ ಬೋಫರ್ಟ್‌ನಲ್ಲಿ ಒಳಗೆ ಬಂದು, ಒಳನಾಡಿನ ಜಲಮಾರ್ಗ ಹಿಡಿದು ಸುಮಾರು 200 ಮೈಲಿ ನಾರ್ಫೋಕ್‌ವರೆಗೆ ಹೋಗುತ್ತಾರೆ. ಅಲ್ಲಿನ ಸ್ಥಿರ ಸೇತುವೆಗಳ ಎತ್ತರ ಸಾಮಾನ್ಯವಾಗಿ 65 ಅಡಿ, ಒಂದು ಸೇತುವೆಯದು 64. ನೀರು ಏರಿದ್ದರೆ ಅಷ್ಟೂ ಸಿಗುವುದಿಲ್ಲ. ನಿಮ್ಮ ಮಾಸ್ಟ್ ಅದಕ್ಕಿಂತ ಎತ್ತರ ಇದ್ದರೆ ಆ ದಾರಿ ಮುಚ್ಚಿದೆ ಎಂದೇ ಲೆಕ್ಕ, ದಿನಗಳ ಅಂದಾಜೂ ಬದಲಾಗುತ್ತದೆ.

ಇಪಿಆರ್‌ಬಿ (ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನ) ನೋಂದಣಿಯನ್ನು ನಿಮ್ಮ ಹೆಸರಿಗೆ ಬದಲಿಸಿ. ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆಯಾದ ನೋವಾದ ತಾಣದಲ್ಲಿ ಉಚಿತ. ಹಳೆಯ ಮಾಲೀಕರ ಹೆಸರಲ್ಲೇ ಇದ್ದರೆ, ಸಮುದ್ರದ ಮಧ್ಯೆ ಅದು ಕೂಗಿಕೊಂಡಾಗ ಕೋಸ್ಟ್ ಗಾರ್ಡ್‌ನ ಫೋನ್ ಹೋಗುವುದು ಅವರಿಗೆ. ತುರ್ತು ಸಂಪರ್ಕದ ಜಾಗದಲ್ಲಿ ಕ್ಯಾಪ್ಟನ್‌ರ ಮನೆಯವರ ನಂಬರನ್ನೂ ಸೇರಿಸಿ, ಬೋಟ್ ತಲುಪಿದ ಮೇಲೆ ತೆಗೆದರಾಯಿತು.