ಮೇಷ್ಟ್ರು ಬರಬೇಕು, ಬಂದವರು ನಿಲ್ಲಬೇಕು: ಎಸ್‌ಡಿಎಂಸಿಯವರಿಗೆ ಒಂದಿಷ್ಟು ಕೆಲಸ

ತೀರ್ಥಹಳ್ಳಿ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ ನಾನು, ಅಡಿಕೆ ತೋಟದವನು. ಹುದ್ದೆ ಮಂಜೂರು ಮಾಡುವುದು, ಸಂಬಳ ಏರಿಸುವುದು ನಮ್ಮ ಕೈಲಿಲ್ಲ. ಆದರೆ ಬಂದ ಶಿಕ್ಷಕರು ಬಿಟ್ಟು ಹೋಗುವುದಕ್ಕೆ ಕಾರಣ ಎಷ್ಟೋ ಸಲ ನಮ್ಮ ಊರಲ್ಲೇ ಇರುತ್ತದೆ.

ಮೊದಲು ದಾಖಲಾತಿ ನೋಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಹಾಗಾಗಿ ಶಾಲೆ ತೆರೆಯುವ ಮುಂಚೆ, ಮೇ ತಿಂಗಳಲ್ಲೇ ಮನೆಮನೆ ತಿರುಗಿ. ಕಾನ್ವೆಂಟ್ ವ್ಯಾನು ನಮಗಿಂತ ಮೊದಲೇ ತಿರುಗುತ್ತಿರುತ್ತದೆ.

ಖಾಲಿ ಹುದ್ದೆಗೆ ತಾತ್ಕಾಲಿಕವಾಗಿ ತೆಗೆದುಕೊಳ್ಳುವ ಅತಿಥಿ ಶಿಕ್ಷಕರಿಗೆ ಊರಿನವರನ್ನೇ ಹುಡುಕಿ. ಡಿ.ಎಡ್, ಬಿ.ಎಡ್ ಮುಗಿಸಿ ಮನೆಯಲ್ಲಿರುವ ಸೊಸೆಯಂದಿರು ಪ್ರತಿ ಊರಲ್ಲೂ ಸಿಗುತ್ತಾರೆ. ಅರ್ಜಿ ಹಾಕಿ ಅಂತ ನಾವೇ ಹೋಗಿ ಕೇಳಬೇಕು. ಆಯ್ಕೆ ಮಾತ್ರ ಅಂಕ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ನೋಡಿಯೇ ಆಗಲಿ. ಅಧ್ಯಕ್ಷರ ಭಾವಮೈದ ಅಂತ ಸೇರಿಸಿದರೆ ವರ್ಷವಿಡೀ ತಗಾದೆ.

ಇನ್ನು ದುಡ್ಡು. 2025–26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,000. ಅದೂ ತಿಂಗಳಿಗೆ ಸರಿಯಾಗಿ ಬರುವುದು ಅಪರೂಪ. ನಮ್ಮಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ಒಂದು ಗಂಟು ಇಟ್ಟಿದ್ದಾರೆ. ಬಿಲ್ ತಡವಾದರೆ ಅದರಿಂದ ಕೈಗಡ ಕೊಡುತ್ತೇವೆ, ಗೌರವಧನ ಬಂದಾಗ ವಾಪಸ್. ಬಡ್ಡಿ ಇಲ್ಲ. ಲೆಕ್ಕ ಬೇರೆ ಪುಸ್ತಕದಲ್ಲಿ ಬರೆಯಿರಿ, ಎಸ್‌ಡಿಎಂಸಿ ಖಾತೆಗೆ ಬೆರೆಸಬೇಡಿ.

ಎಲ್ಲಕ್ಕಿಂತ ದೊಡ್ಡದು ಮನೆ. ಬಯಲುಸೀಮೆಯಿಂದ ಜೂನ್‌ನಲ್ಲಿ ಬಂದವರಿಗೆ ಇಲ್ಲಿ ಕಾಣುವುದು ಜಡಿಮಳೆ, ಹೋದ ಕರೆಂಟು, ಕಾಲಿಗೆ ಹತ್ತಿದ ಉಂಬಳ (ಜಿಗಣೆ). ಒಬ್ಬ ಮೇಡಂ ಚಪ್ಪಲಿಯಲ್ಲಿ ರಕ್ತ ನೋಡಿ ಅತ್ತೇಬಿಟ್ಟರು. ಅಡುಗೆಯ ಅಕ್ಕ ಸುಣ್ಣ, ಹೊಗೆಸೊಪ್ಪು ತಂದು ಮುಟ್ಟಿಸಿ, "ಇದು ಬಿದ್ದೋಗ್ತದೆ ಮೇಡಂ, ನೀವು ಹೋಗ್ಬೇಡಿ" ಅಂದಳು. ಅವತ್ತೇ ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ, ಬಚ್ಚಲಲ್ಲಿ ಹಂಡೆ ಇರುವ ಮನೆ ನೋಡಿಕೊಟ್ಟೆವು. ಬೀಗದ ಕೈ ಮೊದಲೇ ನಿಮ್ಮ ಹತ್ತಿರ ಇರಲಿ. ಬಾಡಿಗೆ ನೀವೇ ಮಾತಾಡಿ, ಹೊಸಬರಿಗೆ ಎಲ್ಲರೂ ಜಾಸ್ತಿ ಹೇಳುತ್ತಾರೆ.

ಕಾಯಂ ಶಿಕ್ಷಕರ ವಿಷಯ ಬೇರೆ. ಕೌನ್ಸೆಲಿಂಗ್‌ನಲ್ಲಿ ಊರು ಆರಿಸುವ ಮುಂಚೆ ಅವರು ಫೋನ್ ಮಾಡಿ ವಿಚಾರಿಸುತ್ತಾರೆ. ಬಸ್ ಎಷ್ಟು ಹೊತ್ತಿಗೆ, ಆಸ್ಪತ್ರೆ ಎಷ್ಟು ದೂರ, ಯಾವ ಕಂಪನಿ ಸಿಗ್ನಲ್ ಸಿಗುತ್ತದೆ, ಇದ್ದದ್ದು ಇದ್ದ ಹಾಗೆ ಹೇಳಿ. "ಎಲ್ಲಾ ಚೆನ್ನಾಗಿದೆ ಸಾರ್" ಅಂದರೆ ಬಂದವರು ಮುಂದಿನ ವರ್ಗಾವಣೆಗೇ ಕಾಯುತ್ತಾರೆ.

ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ಆನ್‌ಲೈನ್ ದಾಖಲೆ) ಎಂಟ್ರಿ ಎಲ್ಲಾ ಅತಿಥಿ ಶಿಕ್ಷಕರ ತಲೆಗೆ ಕಟ್ಟದಂತೆ ಹೆಡ್ ಮೇಷ್ಟ್ರಿಗೆ ಮೆಲ್ಲಗೆ ಹೇಳಿ. ಮಾರ್ಚ್‌ನಲ್ಲಿ ಅವರು ಹೊರಡುವ ಮುಂಚೆಯೇ ಅನುಭವ ಪತ್ರ ಕೈಗೆ ಕೊಡಿಸಿ, ಅದಕ್ಕಾಗಿ ಮತ್ತೆ ಅಲೆಸಬೇಡಿ. ಮುಂದಿನ ವರ್ಷಕ್ಕೂ ಬೇಕೆಂದರೆ ಬೇಸಿಗೆ ರಜೆಯ ಶುರುವಿನಲ್ಲೇ ಒಂದು ಫೋನ್ ಮಾಡಿ. ಮೇ ಕೊನೆಗೆ ಮಾಡಿದರೆ ಖಾಸಗಿ ಶಾಲೆಯವರು ಆಗಲೇ ಕರೆದಿರುತ್ತಾರೆ.